ಕಲ್ಚರ್ ರಿಪೋರ್ಟ್‌ಗೆ ಮೂರು ದಿನ ಯಾಕೆ? ಓದುಗರ ಪತ್ರಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಬ್ಯಾಕ್ಟೀರಿಯಾ ಬಗ್ಗೆ ಏನು ಬೇಕಾದರೂ ಕೇಳಿ ಎಂದಿದ್ದೇ ತಡ, ಪತ್ರಗಳ ಕಟ್ಟೇ ಬಂತು. ಅರ್ಧದಷ್ಟು ಪತ್ರಗಳಲ್ಲಿ ಒಂದೇ ದೂರು: ಲ್ಯಾಬ್‌ನವರು ಕಾಯಿಸುತ್ತಾರೆ. ಉಳಿದವು ಅಡುಗೆಮನೆಯಿಂದ, ಕಾಲೇಜಿನಿಂದ, ಹೊಲದಿಂದ ಬಂದವು. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ, ಆಮೇಲೆ ಕಾಲೇಜಿನಲ್ಲಿ ಕೆಲಸ ಮಾಡಿದವಳು. ಔಷಧಿ ಬರೆಯುವ ಡಾಕ್ಟರ್ ಅಲ್ಲ. ಯಾವ ಮಾತ್ರೆ ನುಂಗಬೇಕು ಎಂದು ನನ್ನನ್ನು ಕೇಳಬೇಡಿ. ಬ್ಯಾಕ್ಟೀರಿಯಾ ಏನು ತಿನ್ನುತ್ತದೆ, ಎಲ್ಲಿ ಬದುಕುತ್ತದೆ, ಎಷ್ಟು ಹೊತ್ತಿಗೆ ಎರಡಾಗುತ್ತದೆ ಎಂದು ಕೇಳಿ, ಖುಷಿಯಾಗಿ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಅತ್ತೆಯವರಿಗೆ ಉರಿಮೂತ್ರ. ಡಾಕ್ಟರ್ ಯೂರಿನ್ ಕಲ್ಚರ್ ಬರೆದುಕೊಟ್ಟರು. ರಕ್ತದ ರಿಪೋರ್ಟ್ ಅದೇ ದಿನ ಸಂಜೆ ಕೈಗೆ ಬಂತು, ಇದಕ್ಕೆ ಮಾತ್ರ ಮೂರು ದಿನ ಅಂದರು. ಸುಮ್ನೆ ಕಾಯಿಸ್ತಾರಾ? ಕಡೆಗೆ ಬಂದ ರಿಪೋರ್ಟ್‌ನಲ್ಲಿ ‘ನೋ ಗ್ರೋತ್’ ಅಂತಿದೆ. ಅತ್ತೆಗೆ ಉರಿ ಮಾತ್ರ ಹಾಗೇ ಇದೆ.
(ಗೃಹಿಣಿ, ದಾವಣಗೆರೆ)

ಉತ್ತರ: ಸುಮ್ನೆ ಅಲ್ಲಮ್ಮ. ರಕ್ತದಲ್ಲಿ ಕಣಗಳು ಮೊದಲೇ ಕೋಟಿಗಟ್ಟಲೆ ಇರುತ್ತವೆ. ಮಷಿನ್ ನಿಮಿಷದಲ್ಲಿ ಎಣಿಸಿಬಿಡುತ್ತದೆ. ಕಲ್ಚರ್ ಎಂದರೆ ಬೆಳೆಸುವುದು. ಬೆಳೆಯುವ ಕೆಲಸ ಬ್ಯಾಕ್ಟೀರಿಯಾದ್ದು, ಅದನ್ನು ಅವಸರ ಮಾಡಿಸೋಕೆ ಆಗೋಲ್ಲ.

ಮೊದಲ ದಿನ ನಾವು ಮಾಡುವ ಕೆಲಸ ಐದು ನಿಮಿಷದ್ದು. ನಮ್ಮ ಕೈಯಲ್ಲಿ ಒಂದು ತಂತಿ ಇರುತ್ತದೆ, ಅದರ ತುದಿಯಲ್ಲಿ ಪುಟ್ಟ ಉಂಗುರ. ಲೂಪ್ ಅನ್ನುತ್ತೇವೆ. ಆ ಉಂಗುರದಲ್ಲಿ ನಿಲ್ಲುವ ಮೂತ್ರ ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲು. ಅದನ್ನು ಮೆಕಾಂಕಿ ಅಗರ್ (ಬ್ಯಾಕ್ಟೀರಿಯಾಗೆ ಊಟ ಬೆರೆಸಿದ ಒಂದು ಬಗೆ ಜೆಲ್ಲಿ) ಹಾಕಿದ ತಟ್ಟೆಯ ಮೇಲೆ ಗೀಚಿ, 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು ಮನೆಗೆ ಹೋಗುತ್ತೇವೆ. ಒಂಟಿ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ. ಅದು ಕೂತ ಜಾಗದಲ್ಲೇ ಎರಡಾಗಿ, ನಾಲ್ಕಾಗಿ, ಗುಂಪಾಗಬೇಕು. ಉರಿಮೂತ್ರಕ್ಕೆ ಹೆಚ್ಚಿನ ಸಲ ಕಾರಣವಾಗುವ ಇ. ಕೋಲೈಗೆ ಹೊಟ್ಟೆ ತುಂಬ ಊಟ, ಹದವಾದ ಶಾಖ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ನೀವೇ ಲೆಕ್ಕ ಹಾಕಿ. 7 ಗಂಟೆಗೆ 21 ಸಲ ಎರಡಾದರೆ ಒಂದಿದ್ದದ್ದು 20 ಲಕ್ಷ ದಾಟುತ್ತದೆ. 10 ಗಂಟೆಗೆ 107 ಕೋಟಿ. ತಟ್ಟೆಯ ಮೇಲೆ ಈ ಓಟ ಕೊನೆಯವರೆಗೂ ಇರುವುದಿಲ್ಲ, ಗುಂಪಿನ ನಡುವೆ ಇದ್ದವಕ್ಕೆ ಊಟ ಸಾಲುವುದಿಲ್ಲ. ಆದರೂ ಬೆಳಗ್ಗೆ ಬಂದು ನೋಡಿದರೆ 2–3 ಮಿ.ಮೀ. ಅಗಲದ ಗುಲಾಬಿ ಚುಕ್ಕಿಗಳು ಕೂತಿರುತ್ತವೆ. ಗುಲಾಬಿ ಯಾಕೆಂದರೆ ಆ ಅಗರ್‌ನಲ್ಲಿ ಹಾಲಿನ ಸಕ್ಕರೆ ಹಾಕಿರುತ್ತೇವೆ. ಇ. ಕೋಲೈ ಅದನ್ನು ತಿಂದು ಹುಳಿ ಬಿಡುತ್ತದೆ, ಹುಳಿಗೆ ಬಣ್ಣ ತಿರುಗುತ್ತದೆ.

ಈಗ ಚುಕ್ಕಿ ಎಣಿಸುತ್ತೇವೆ. 100 ಚುಕ್ಕಿ ಇದ್ದರೆ ಒಂದು ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯಾ. ನಿಮ್ಮ ರಿಪೋರ್ಟ್‌ಗಳಲ್ಲಿ ಕಾಣುವ ಆ ‘1 ಲಕ್ಷ’ ಬರುವುದು ಹೀಗೆ.

ಎರಡನೇ ದಿನ ಚುಕ್ಕಿಯಿಂದ ಸ್ವಲ್ಪ ತೆಗೆದು ಉಪ್ಪುನೀರಿನಲ್ಲಿ ಕದಡಿ, ಮುಲ್ಲರ್-ಹಿಂಟನ್ ಅಗರ್ ತಟ್ಟೆಯ ತುಂಬ ಸವರಿ, ಮೇಲೆ ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಮತ್ತೆ ಒಂದು ರಾತ್ರಿ. ಮೂರನೇ ದಿನ ಬೆಳಗ್ಗೆ ಬಿಲ್ಲೆಯ ಸುತ್ತ ಏನೂ ಬೆಳೆಯದ ದುಂಡನೆ ಜಾಗ ಎಷ್ಟು ಅಗಲ ಇದೆ ಎಂದು ಸ್ಕೇಲ್ ಹಿಡಿದು ಅಳೆಯುತ್ತೇವೆ. ಇಲ್ಲಿ ಒಂದು ಮಾತು. ದೊಡ್ಡ ದುಂಡಿನ ಔಷಧಿಯೇ ಒಳ್ಳೆಯದು ಎಂದು ಲೆಕ್ಕ ಹಾಕಬೇಡಿ. ಪ್ರತಿ ಔಷಧಿಗೂ ಬೇರೆ ಗೆರೆ ಇದೆ. ಈಗಿನ ಕೋಷ್ಟಕದ ಪ್ರಕಾರ ಸಿಪ್ರೊಫ್ಲಾಕ್ಸಾಸಿನ್ ಸುತ್ತ 20 ಮಿ.ಮೀ. ಇದ್ದರೂ ಇ. ಕೋಲೈ ಅದಕ್ಕೆ ಬಗ್ಗುವುದಿಲ್ಲ ಎಂದೇ ಅರ್ಥ. ನೈಟ್ರೊಫ್ಯುರಾಂಟೋಯಿನ್ ಸುತ್ತ 18 ಇದ್ದರೂ ಬಗ್ಗುತ್ತದೆ. ದೊಡ್ಡ ಲ್ಯಾಬ್‌ಗಳಲ್ಲಿ ಮಷಿನ್ ಇದ್ದರೆ ಕೆಲವು ಗಂಟೆ ಉಳಿಯುತ್ತದೆ, ಮೊದಲ ರಾತ್ರಿ ಯಾರಿಗೂ ತಪ್ಪಿದ್ದಲ್ಲ.

ಇನ್ನು ‘ನೋ ಗ್ರೋತ್’, ಅಂದರೆ ತಟ್ಟೆಯಲ್ಲಿ ಏನೂ ಬೆಳೆದಿಲ್ಲ. ಲ್ಯಾಬ್ ಕಿಟಕಿಯಲ್ಲಿ ನಾನು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಮನೆಯಲ್ಲಿ ಉಳಿದ ಮಾತ್ರೆ ಏನಾದರೂ ತಗೊಂಡ್ರಾ? ಹತ್ತರಲ್ಲಿ ಐದಾರು ಜನ ಮೊದಲು ಇಲ್ಲ ಅನ್ನುತ್ತಾರೆ, ಆಮೇಲೆ “ನಿನ್ನೆ ರಾತ್ರಿ ಒಂದೇ ಒಂದು” ಅನ್ನುತ್ತಾರೆ. ಆ ಒಂದೇ ಒಂದು ಸಾಕು. ಔಷಧಿ ಮೂತ್ರದಲ್ಲೇ ಇಳಿಯುತ್ತದೆ, ನಮ್ಮ ತಟ್ಟೆಗೂ ಬರುತ್ತದೆ. ಬ್ಯಾಕ್ಟೀರಿಯಾ ಸತ್ತಿರೋಲ್ಲ, ಬೆಳೆಯೋ ಸ್ಥಿತಿಯಲ್ಲೂ ಇರೋಲ್ಲ. ಅತ್ತೆಯವರನ್ನು ಮೆಲ್ಲಗೆ ಕೇಳಿ ನೋಡಿ. ಉರಿಗೆ ಬೇರೆ ಕಾರಣಗಳೂ ಇವೆ, ಅದನ್ನು ಡಾಕ್ಟರ್ ನೋಡಲಿ. ಮತ್ತೆ ಸ್ಯಾಂಪಲ್ ಕೊಡುವುದಾದರೆ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ, ಎರಡು ಗಂಟೆಯೊಳಗೆ ಮುಟ್ಟಿಸಿ. ಆಗದಿದ್ದರೆ ಫ್ರಿಜ್‌ನಲ್ಲಿಡಿ. ಬ್ಯಾಗಿನಲ್ಲಿ ಮಧ್ಯಾಹ್ನದವರೆಗೆ ಬಿಸಿಲು ಕಂಡ ಡಬ್ಬಿಯಲ್ಲಿ ಹತ್ತಾರು ಇದ್ದದ್ದು ಸಾವಿರಾರು ಆಗಿರುತ್ತದೆ, ಇಲ್ಲದ ಸೋಂಕು ಕಾಣಿಸುತ್ತದೆ. ಚಳಿಜ್ವರ, ಪಕ್ಕೆನೋವು ಶುರುವಾದರೆ ಮಾತ್ರ ಯಾವ ರಿಪೋರ್ಟ್‌ಗೂ ಕಾಯಬೇಡಿ, ಕರೆದುಕೊಂಡು ಹೋಗಿ. ಸ್ಯಾಂಪಲ್ ತೆಗೆದುಕೊಂಡ ಮೇಲೆ ಡಾಕ್ಟರೇ ಔಷಧಿ ಶುರು ಮಾಡುತ್ತಾರೆ, ರಿಪೋರ್ಟ್ ಬಂದಾಗ ಬೇಕಿದ್ದರೆ ಬದಲಾಯಿಸುತ್ತಾರೆ.

ಪ್ರಶ್ನೆ: ವರ್ಷಕ್ಕೆ ಒಂದೆರಡು ಸಲ ಜ್ವರ ಬರುತ್ತದೆ. ಪ್ರತಿ ಸಲವೂ ವೈಡಾಲ್ ಟೆಸ್ಟ್ ಪಾಸಿಟಿವ್, ಟೈಫಾಯ್ಡ್ ಅನ್ನುತ್ತಾರೆ. ಟೈಫಾಯ್ಡ್ ನನ್ನ ಮೈಯಲ್ಲೇ ಮನೆ ಮಾಡಿಕೊಂಡಿದೆಯಾ?
(ಕಿರಾಣಿ ಅಂಗಡಿಯವರು, ಗಂಗಾವತಿ)

ಉತ್ತರ: ನನಗಂತೂ ವೈಡಾಲ್ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. 1896ರಲ್ಲಿ ಪ್ಯಾರಿಸ್ಸಿನ ಫರ್ನಾಂಡ್ ವೈಡಾಲ್ ಇದನ್ನು ತಂದಾಗ ಅದು ದೊಡ್ಡ ಹೆಜ್ಜೆಯೇ. ಆದರೆ ಅದು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಿಮ್ಮ ದೇಹ ಮಾಡಿಟ್ಟುಕೊಂಡ ಪ್ರತಿಕಾಯಗಳನ್ನು. ಟೈಫಾಯ್ಡ್ ಓಡಾಡುವ ನಮ್ಮಂಥ ಊರುಗಳಲ್ಲಿ ಎಷ್ಟೋ ಜನರ ರಕ್ತದಲ್ಲಿ ಅವು ಮೊದಲೇ ಸ್ವಲ್ಪ ಇರುತ್ತವೆ. ಹಳೆಯ ಸೋಂಕಿನದು, ಲಸಿಕೆಯದು, ಯಾವುದೋ ನೆಂಟ ಬ್ಯಾಕ್ಟೀರಿಯಾದ್ದು. ಮಲೇರಿಯಾದಲ್ಲೂ ವೈಡಾಲ್ ಪಾಸಿಟಿವ್ ಬರುವುದುಂಟು. ಇತ್ತ ನಿಜವಾದ ಟೈಫಾಯ್ಡ್‌ನ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು, ಪ್ರತಿಕಾಯ ಏರಲು ಹೊತ್ತು ಬೇಕು. ಹತ್ತು ಹದಿನೈದು ದಿನದ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಎರಡನೆಯದರಲ್ಲಿ ನಾಲ್ಕು ಪಟ್ಟು ಏರಿದೆಯೇ ನೋಡಬೇಕು. ಯಾರು ನೋಡುತ್ತಾರೆ ಹೇಳಿ? ಅಷ್ಟರಲ್ಲಿ ಜ್ವರವೇ ಹೋಗಿರುತ್ತದೆ.

ಮುಂದಿನ ಸಲ ಜ್ವರ ಬಂದರೆ ಮೊದಲ ವಾರದಲ್ಲೇ, ಆ್ಯಂಟಿಬಯಾಟಿಕ್‌ಗೆ ಮುಂಚೆ, ಬ್ಲಡ್ ಕಲ್ಚರ್ ಮಾಡಬಹುದಾ ಎಂದು ಡಾಕ್ಟರನ್ನು ಕೇಳಿ. ಅದಕ್ಕೆ 8–10 ಮಿಲಿಲೀಟರ್ ರಕ್ತ ಕೊಡಬೇಕಾಗುತ್ತದೆ. “ಇಷ್ಟೊಂದಾ?” ಎಂದು ಕೈ ಎಳೆದುಕೊಳ್ಳಬೇಡಿ. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಬ್ಯಾಕ್ಟೀರಿಯಾ ಒಂದು ಇದ್ದರೆ ಹೆಚ್ಚು. ಎರಡು ಮಿಲಿಲೀಟರ್ ಕೊಟ್ಟರೆ ಅದು ಸಿಗದೇ ಹೋಗಬಹುದು. ಪೂರ್ತಿ ಕೊಟ್ಟರೂ 100 ರೋಗಿಗಳಲ್ಲಿ ಸುಮಾರು 60 ಜನರಲ್ಲಿ ಮಾತ್ರ ಸಿಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಹಳೆಯ ಲ್ಯಾಬ್‌ಗಳಲ್ಲಿ ಆ ರಕ್ತವನ್ನು ಪಿತ್ತರಸ ಬೆರೆಸಿದ ಸಾರಿಗೆ ಹಾಕುತ್ತಿದ್ದೆವು. ಪಿತ್ತರಸ ಅನೇಕ ಬ್ಯಾಕ್ಟೀರಿಯಾಗಳಿಗೆ ಆಗಿಬರದು, ಟೈಫಾಯ್ಡ್‌ನದಕ್ಕೆ ಏನೂ ಆಗೋಲ್ಲ. ಅದು ಪಿತ್ತಕೋಶದಲ್ಲೇ ಠಿಕಾಣಿ ಹೂಡಬಲ್ಲ ಪ್ರಾಣಿ.

ಅಂದ ಹಾಗೆ ನಿಮ್ಮ ಅನುಮಾನ ಪೂರ್ತಿ ಸುಳ್ಳೇನಲ್ಲ. ಕೆಲವರ ಪಿತ್ತಕೋಶದಲ್ಲಿ ಅದು ವರ್ಷಗಟ್ಟಲೆ ಕೂರುತ್ತದೆ. ಆದರೆ ಅಂಥವರು ಸಾಮಾನ್ಯವಾಗಿ ಆರೋಗ್ಯವಾಗೇ ಇರುತ್ತಾರೆ, ಬೇರೆಯವರಿಗೆ ಹಂಚುತ್ತಾರೆ ಅಷ್ಟೆ. ವರ್ಷಕ್ಕೆರಡು ಸಲ ಜ್ವರ ಅಂದರೆ ಬೇರೆ ಬೇರೆ ಜ್ವರಗಳಿಗೆ ಒಂದೇ ಹೆಸರು ಬೀಳುತ್ತಿರುವ ಸಾಧ್ಯತೆಯೇ ಜಾಸ್ತಿ.

ಪ್ರಶ್ನೆ: ಗ್ರಾಮ್ ಸ್ಟೇನ್ ಮಾಡಿದಾಗಲೆಲ್ಲ ನನ್ನ ಸ್ಲೈಡ್ ಪೂರ್ತಿ ಗುಲಾಬಿ. ನೇರಳೆ ಬರಬೇಕಾದ ಸ್ಟಾಫೈಲೊಕಾಕಸ್ ಕೂಡ ಗುಲಾಬಿ! ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು ಮೇಡಂ.
(ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ, ಹಾವೇರಿ)

ಉತ್ತರ: ಆಲ್ಕೋಹಾಲ್ ಜಾಸ್ತಿ ಆಗ್ತಿದೆಯಮ್ಮ. ಬೇರೆ ಓದುಗರಿಗೆ ಒಂದು ಮಾತು: ಗ್ರಾಮ್ ಸ್ಟೇನ್ ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪು ಮಾಡುವುದು. ನೇರಳೆ ಉಳಿದರೆ ಗ್ರಾಮ್ ಪಾಸಿಟಿವ್, ಗುಲಾಬಿ ಆದರೆ ಗ್ರಾಮ್ ನೆಗೆಟಿವ್. ನಿನ್ನ ಸೀನಿಯರ್‌ಗಳೂ, ಅವರ ಸೀನಿಯರ್‌ಗಳೂ ಸಿಕ್ಕಿಬಿದ್ದ ಜಾಗ ಇದೇ.

ಒಂದೊಂದಾಗಿ ನೋಡು. ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ಸವರುವ ಬ್ಯಾಕ್ಟೀರಿಯಾ ಪದರ, ತೆಳ್ಳಗಿರಲಿ. ಒಣಗಿದ ಮೇಲೆ ಸ್ಲೈಡನ್ನು ಪತ್ರಿಕೆಯ ಮೇಲಿಟ್ಟರೆ ಅಕ್ಷರ ಓದಲು ಬರಬೇಕು. ದಪ್ಪ ಇದ್ದರೆ ಒಂದು ಕಡೆ ಬಣ್ಣ ಹೋಗಿರುತ್ತದೆ, ಇನ್ನೊಂದು ಕಡೆ ಉಳಿದಿರುತ್ತದೆ. ಗಾಳಿಯಲ್ಲೇ ಒಣಗಲಿ, ಉರಿಯ ಮೇಲೆ ಹಿಡಿದು ಒಣಗಿಸಬೇಡ. ಆಮೇಲೆ ಸ್ಪಿರಿಟ್ ಲ್ಯಾಂಪಿನ ಜ್ವಾಲೆಯಲ್ಲಿ ಎರಡು ಮೂರು ಸಲ ಹಾಯಿಸು. ಮುಂಗೈ ಹಿಂಭಾಗಕ್ಕೆ ತಾಗಿಸಿದರೆ ಬಿಸಿ ಅನ್ನಿಸಬೇಕು, ಸುಡಬಾರದು. ಸುಟ್ಟರೆ ಬ್ಯಾಕ್ಟೀರಿಯಾದ ಗೋಡೆಯೇ ಒಡೆದುಹೋಗುತ್ತದೆ, ಆಗ ನೇರಳೆ ಎಲ್ಲಿ ನಿಲ್ಲುತ್ತದೆ?

ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ತೊಳಿ. ಅಯೋಡಿನ್ ಒಂದು ನಿಮಿಷ, ತೊಳಿ. ಇಲ್ಲಿಯವರೆಗೆ ಎಲ್ಲ ಬ್ಯಾಕ್ಟೀರಿಯಾಗಳೂ ನೇರಳೆಯೇ. ಈಗ ಸ್ಲೈಡನ್ನು ಓರೆ ಹಿಡಿದು ಮೇಲಿಂದ ಹನಿ ಹನಿಯಾಗಿ ಆಲ್ಕೋಹಾಲ್ ಬಿಡು. ಕೆಳಗೆ ಇಳಿಯುವ ಹನಿಯನ್ನೇ ನೋಡುತ್ತಿರು, ಗೆಳತಿ ಜೊತೆ ಮಾತಾಡಬೇಡ. ಮೊದಲು ಕಡು ನೇರಳೆ, ಆಮೇಲೆ ತಿಳಿ, ಆಮೇಲೆ ಬಣ್ಣವಿಲ್ಲ. ಬಣ್ಣ ನಿಂತ ಕ್ಷಣವೇ ನೀರು ಬಿಡು. 10ರಿಂದ 20 ಸೆಕೆಂಡು, ಅಷ್ಟೇ. ನಿಮ್ಮ ಲ್ಯಾಬ್‌ನಲ್ಲಿ ಅಸಿಟೋನ್ ಕೊಡುತ್ತಿದ್ದರೆ ಎರಡು ಮೂರು ಸೆಕೆಂಡು ಸಾಕು. ಹುಡುಗಿಯರು ‘ಇನ್ನೊಂದು ಹನಿ ಹಾಕಿಬಿಡೋಣ, ಕ್ಲೀನ್ ಆಗಲಿ’ ಎಂದು ಹಾಕುವ ಆ ಹನಿಯೇ ಕೆಡಿಸುವುದು. ಕೊನೆಗೆ ಗುಲಾಬಿ ಬಣ್ಣದ ಸಾಫ್ರನಿನ್ ಅರ್ಧದಿಂದ ಒಂದು ನಿಮಿಷ.

ಯಾಕೆ ಹೀಗೆ? ಗ್ರಾಮ್ ಪಾಸಿಟಿವ್‌ಗಳ ಗೋಡೆ ದಪ್ಪ, 20ರಿಂದ 80 ನ್ಯಾನೋಮೀಟರ್. ಪೆಪ್ಟಿಡೋಗ್ಲೈಕಾನ್ ಅನ್ನುವ ಬಲೆ ಪದರ ಪದರವಾಗಿ ಇರುತ್ತದೆ. ಆಲ್ಕೋಹಾಲ್ ಬಿದ್ದಾಗ ಅದು ನೀರು ಕಳೆದುಕೊಂಡು ಬಿಗಿಯುತ್ತದೆ. ವಯಲೆಟ್ಟೂ ಅಯೋಡಿನ್ನೂ ಸೇರಿ ಆದ ದೊಡ್ಡ ಕಣ ಒಳಗೇ ಸಿಕ್ಕಿಕೊಳ್ಳುತ್ತದೆ. ಗ್ರಾಮ್ ನೆಗೆಟಿವ್‌ಗಳಲ್ಲಿ ಈ ಬಲೆ ತೀರಾ ತೆಳು, ಹೊರಗೆ ಕೊಬ್ಬಿನ ಪೊರೆ. ಆಲ್ಕೋಹಾಲ್ ಕೊಬ್ಬನ್ನು ಕರಗಿಸುತ್ತದೆ, ಬಣ್ಣ ಹೊರಗೆ ಬರುತ್ತದೆ. ಹೊತ್ತು ಮೀರಿದರೆ ದಪ್ಪ ಗೋಡೆಯವೂ ಬಿಟ್ಟುಕೊಡುತ್ತವೆ. ಈ ಗೋಡೆಯ ಕಥೆ ಪರೀಕ್ಷೆಗೆ ಮಾತ್ರ ಅಲ್ಲ. ಪೆನಿಸಿಲಿನ್ ಹೊಡೆಯುವುದು ಇದೇ ಬಲೆ ಹೆಣೆಯುವ ಕೆಲಸವನ್ನು. ಗ್ರಾಮ್ ನೆಗೆಟಿವ್‌ಗಳ ಹೊರಪೊರೆ ಎಷ್ಟೋ ಔಷಧಿಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಅದಕ್ಕೇ ಡಾಕ್ಟರ್‌ಗಳು ಪೂರ್ತಿ ರಿಪೋರ್ಟ್‌ಗೆ ಮುಂಚೆ ‘ಗ್ರಾಮ್ ಏನು ಬಂತು?’ ಎಂದು ಫೋನ್ ಮಾಡುವುದು. ಮೂರು ದಿನದ ದಾರಿಯಲ್ಲಿ ಹತ್ತು ನಿಮಿಷಕ್ಕೆ ಸಿಗುವ ಸುಳಿವು ಇದೊಂದೇ.

ಇನ್ನೊಂದು ಕಾರಣ ಇರಬಹುದು, ನಿಮ್ಮ ಕಲ್ಚರ್ ಹಳೆಯದು. ಹಳೆಯ ಕಲ್ಚರ್‌ನಲ್ಲಿ ಸತ್ತವೂ ಸೇರಿರುತ್ತವೆ, ಅವು ಬಣ್ಣ ಸರಿಯಾಗಿ ಹಿಡಿದುಕೊಳ್ಳೋಲ್ಲ. 18–24 ಗಂಟೆಯದು ಕೇಳಿ ತಗೋ. ಲ್ಯಾಬ್‌ನಲ್ಲಿ ಅಭ್ಯಾಸಕ್ಕೆ ಏನೂ ಸಿಗದಿದ್ದರೆ ಅವತ್ತಿನ ಹೊಸ ಮೊಸರಿನ ಮೇಲಿನ ತಿಳಿನೀರು ಒಂದು ಹನಿ ತಗೊಂಡು ಹೋಗು. ಅದರಲ್ಲಿ ಕಡ್ಡಿಗಳೂ ಇವೆ, ಸರದಂತೆ ಸಾಲುಗಟ್ಟಿದ ದುಂಡನೆಯವೂ ಇವೆ, ಎಲ್ಲ ಗ್ರಾಮ್ ಪಾಸಿಟಿವ್. ಮೊಸರು ಗುಲಾಬಿ ಬಂದರೆ ತಪ್ಪು ನಿನ್ನ ಕೈಯದು.

ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಈ ವಿಧಾನ ಪ್ರಕಟಿಸಿದ್ದು 1884ರಲ್ಲಿ, ಬರ್ಲಿನ್ನಿನಲ್ಲಿ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕಿನಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಲಿ ಅನ್ನುವುದಷ್ಟೇ ಅವನ ಉದ್ದೇಶ. ಇದು ಇನ್ನೂ ಅರೆಬರೆ ವಿಧಾನ ಎಂದು ಅವನೇ ಬರೆದುಕೊಂಡಿದ್ದ. ಗುಲಾಬಿ ಬಣ್ಣ ಸೇರಿದ್ದು ಆಮೇಲೆ.

ಪ್ರಶ್ನೆ: ತಂಗಿ ಮಂಗಳೂರಲ್ಲಿದ್ದಾಳೆ, ಅವಳ ಇಡ್ಲಿ ಹಿಟ್ಟು ಪಾತ್ರೆ ಮೀರಿ ಹರಿಯುತ್ತೆ. ನನ್ನದು ಡಿಸೆಂಬರ್‌ನಲ್ಲಿ ಅಲುಗಾಡೋದೇ ಇಲ್ಲ. ಹುದುಗು ಬರಲಿ ಅಂತ ಒಂದು ಸೌಟು ಮೊಸರು ಹಾಕಿದೆ. ಹುಳಿ ಬಂತು, ಉಬ್ಬಲಿಲ್ಲ. ಎರಡೂ ಬ್ಯಾಕ್ಟೀರಿಯಾನೇ ಅಲ್ವಾ?
(ಮಡಿಕೇರಿಯಿಂದ ಒಬ್ಬರು)

ಉತ್ತರ: ಎರಡೂ ಬ್ಯಾಕ್ಟೀರಿಯಾನೇ, ಆದರೆ ಊಟ ಮುಗಿಸಿ ಬಿಡುವ ಪದಾರ್ಥ ಬೇರೆ. ಈ ಪತ್ರ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಕಾಲೇಜಿನಲ್ಲಿ ಚಯಾಪಚಯದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಇಲ್ಲ.

ಮೊಸರಿನ ಬ್ಯಾಕ್ಟೀರಿಯಾ ಒಂದು ಗ್ಲೂಕೋಸ್ ಅಣುವನ್ನು ಎರಡು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಅಷ್ಟೇ, ಗಾಳಿ ಹುಟ್ಟುವುದಿಲ್ಲ. ಹುಳಿ ಏರಿ ಪಿ.ಎಚ್. 4.6ರ ಹತ್ತಿರ ಬಂದಾಗ ಹಾಲಿನ ಕೇಸಿನ್ ಎಂಬ ಪ್ರೋಟೀನ್ ಗಟ್ಟಿಯಾಗುತ್ತದೆ, ಅದೇ ಹೆಪ್ಪು. ಉದ್ದಿನ ಹಿಟ್ಟಿನಲ್ಲಿ ಮೊದಲು ಏಳುವುದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್. ಹೆಸರು ಉದ್ದ, ಕೆಲಸ ಚೊಕ್ಕ. ಇದು ಅದೇ ಗ್ಲೂಕೋಸನ್ನು ಒಡೆದು ಒಂದು ಲ್ಯಾಕ್ಟಿಕ್ ಆಮ್ಲ, ಸ್ವಲ್ಪ ಆಲ್ಕೋಹಾಲ್, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಿಟ್ಟು ಉಬ್ಬುವುದು ಆ ಗಾಳಿಯಿಂದ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಉದ್ದು ಕಡಿಮೆ ಹಾಕಿದರೆ ಗಾಳಿ ಹುಟ್ಟಿದರೂ ನಿಲ್ಲೋಲ್ಲ.

ಇಷ್ಟೊಂದು ಹುಳಿ ಯಾಕೆ ಬಿಡಬೇಕು? ಯಾಕೆಂದರೆ ಇವಕ್ಕೆ ನಮ್ಮ ಹಾಗೆ ಉಸಿರಾಡಿ ಸಕ್ಕರೆಯನ್ನು ಪೂರ್ತಿ ಉರಿಸಿಕೊಳ್ಳುವ ಏರ್ಪಾಡು ಇಲ್ಲ. ನಮ್ಮ ಜೀವಕೋಶ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಹಿಂಡುತ್ತದೆ. ಮೊಸರಿನ ಬ್ಯಾಕ್ಟೀರಿಯಾಗೆ ಸಿಗುವುದು 2. ಲ್ಯೂಕೊನೊಸ್ಟಾಕ್‌ಗೆ ಬರೀ 1. ಬದುಕಬೇಕು ಅಂದರೆ ಮೂವತ್ತು ಪಟ್ಟು ಸಕ್ಕರೆ ಕರಗಿಸಬೇಕು, ಅಷ್ಟೂ ಕಸ ಹೊರಗೆ ಸುರಿಯಬೇಕು. ನಾವು ಆ ಕಸಕ್ಕೆ ಚಟ್ನಿ ಹಾಕಿಕೊಂಡು ತಿನ್ನುತ್ತೇವೆ.

ನೀವು ಮೊಸರು ಹಾಕಿದಾಗ ಬರೀ ಹುಳಿಗಾರರನ್ನು ಕರೆತಂದಿರಿ. ಹಿಟ್ಟು ಹುಳಿಯಾಯಿತು, ಗಾಳಿ ಬಿಡುವವರಿಗೆ ಸಮಯವೇ ಸಿಗಲಿಲ್ಲ. ಹುದುಗಿನ ಬ್ಯಾಕ್ಟೀರಿಯಾ ಹೊರಗಿಂದ ಬರಬೇಕಾಗಿಲ್ಲ, ಮುಖ್ಯವಾಗಿ ಉದ್ದಿನ ಕಾಳಿನ ಜೊತೆಗೇ ಬರುತ್ತದೆ. ಹಾಗಾಗಿ ಉದ್ದನ್ನು ಬಿಸಿನೀರಲ್ಲಿ ತೊಳೆಯಬೇಡಿ, ರುಬ್ಬುವಾಗ ನೆನೆಸಿದ ನೀರನ್ನೇ ಹಾಕಿ. ಮತ್ತೆ ಶಾಖ. 28–30 ಡಿಗ್ರಿ ಸಿಕ್ಕರೆ ರಾತ್ರಿ ಕಳೆಯೋದರೊಳಗೆ ಉಬ್ಬುತ್ತದೆ. ಮಡಿಕೇರಿಯ ಚಳಿಗೆ ಒಲೆಯ ಪಕ್ಕ, ಅಥವಾ ಓವನ್ ಇದ್ದರೆ ಒಳಗಿನ ಬಲ್ಬ್ ಮಾತ್ರ ಹಚ್ಚಿ ಅದರೊಳಗೆ ಇಡಿ. ತಂಗಿಯ ಕೈಗುಣ ಅಂತ ಬೇಜಾರು ಮಾಡ್ಕೋಬೇಡಿ, ಅದು ಮಂಗಳೂರಿನ ಸೆಕೆಯ ಗುಣ.

ಪ್ರಶ್ನೆ: ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಬರುತ್ತೆ ಅಂತಾರೆ. ತುಕ್ಕಿನಲ್ಲಿ ವಿಷ ಇದೆಯಾ? ಹೊಸ ಮೊಳೆ ಚುಚ್ಚಿದರೆ ಇಂಜೆಕ್ಷನ್ ಬೇಡವಾ?
(ಬಡಗಿ, ತುಮಕೂರು)

ಉತ್ತರ: ತುಕ್ಕು ಪಾಪ, ಏನೂ ಮಾಡೋಲ್ಲ. ತುಕ್ಕು ಹಿಡಿದ ಮೊಳೆ ಸಾಮಾನ್ಯವಾಗಿ ಮಣ್ಣಲ್ಲಿ ಬಿದ್ದಿರುತ್ತದೆ, ಮಣ್ಣಲ್ಲಿ, ಸಗಣಿ ಗೊಬ್ಬರದಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಟೆಟನಿಯ ಬೀಜಕಣಗಳು (ಬಿಸಿಲು, ಬಿಸಿ ಎಲ್ಲ ತಾಳುವ ಅದರ ಗಟ್ಟಿ ರೂಪ) ಇರುತ್ತವೆ. ಅಷ್ಟೇ ಸಂಬಂಧ. ಹೊಸ ಮೊಳೆ ಮಣ್ಣಿಗೆ ಬಿದ್ದಿದ್ದರೂ ಅಷ್ಟೇ, ಜಾಲಿ ಮುಳ್ಳು ಆದರೂ ಅಷ್ಟೇ.

ಈ ಬ್ಯಾಕ್ಟೀರಿಯಾಗೆ ಆಮ್ಲಜನಕ ಕಂಡರೆ ಆಗದು. ಮೇಲ್ಮೇಲೆ ತರಚಿದ ಗಾಯದಲ್ಲಿ ಅದು ಮೊಳೆಯುವುದು ಕಷ್ಟ. ಆಳಕ್ಕೆ ಚುಚ್ಚಿ ಬಾಯಿ ಮುಚ್ಚಿಕೊಂಡ ಗಾಯ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಕೂತು ವಿಷ ಬಿಡುತ್ತದೆ. ಆ ವಿಷ ನರಗಳ ದಾರಿ ಹಿಡಿದು ಮೇಲೇರಿ, ಸ್ನಾಯುಗಳಿಗೆ ‘ಸಡಿಲಾಗು’ ಎಂದು ಹೇಳುವ ಸಂಕೇತವನ್ನು ತಡೆಯುತ್ತದೆ. ದವಡೆ ಕಚ್ಚಿಕೊಳ್ಳುವುದು, ಬೆನ್ನು ಬಾಗುವುದು ಅದರಿಂದ.

1889ರಲ್ಲಿ ಬರ್ಲಿನ್ನಿನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್‌ನ ಲ್ಯಾಬ್‌ನಲ್ಲಿ ಇದನ್ನು ಮೊದಲು ಒಂಟಿಯಾಗಿ ಬೆಳೆಸಿದವನು ಜಪಾನಿನ ಕಿಟಾಸಾಟೊ. ಗಾಯದ ಕೀವಿನಲ್ಲಿ ಹತ್ತಾರು ಬಗೆ ಬ್ಯಾಕ್ಟೀರಿಯಾ ಬೆರೆತಿರುತ್ತಿದ್ದವು. ಅವನು ಅದನ್ನು 80 ಡಿಗ್ರಿಗೆ ಕಾಯಿಸಿದ. ಬೇರೆಲ್ಲ ಸತ್ತವು, ಬೀಜಕಣ ಉಳಿಯಿತು. ಆಮೇಲೆ ಗಾಳಿ ತೆಗೆದು ಹೈಡ್ರೋಜನ್ ತುಂಬಿದ ಪಾತ್ರೆಯಲ್ಲಿ ಬೆಳೆಸಿದ. ಎಷ್ಟು ಅಚ್ಚುಕಟ್ಟು ನೋಡಿ, ಶತ್ರುವಿನ ಎರಡು ಗುಣ ಹಿಡಿದುಕೊಂಡೇ ಅದನ್ನು ಹಿಡಿದ.

ನಿಮ್ಮ ಕೆಲಸಕ್ಕೆ ಬೇಕಾದ್ದು ಇಷ್ಟು. ಚುಚ್ಚಿದ ಕೂಡಲೇ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ. ಕಾಫಿಪುಡಿ, ಸುಣ್ಣ ಮೆತ್ತಬೇಡಿ, ಗಾಳಿ ಆಡದ ಹಾಗೆ ಮುಚ್ಚಿದರೆ ಅದಕ್ಕೇ ಅನುಕೂಲ. ಚಿಕ್ಕವರಿದ್ದಾಗ ಲಸಿಕೆ ಪೂರ್ತಿ ಆಗಿದ್ದರೂ 10 ವರ್ಷಕ್ಕೊಮ್ಮೆ ಒಂದು ಡೋಸ್ ಬೇಕು. ಗಾಯ ಕೊಳಕಾಗಿದ್ದು 5 ವರ್ಷ ದಾಟಿದ್ದರೆ ಆಗಲೇ ಹಾಕಿಸಿಕೊಳ್ಳಿ. ಒಮ್ಮೆ ಧನುರ್ವಾಯು ಬಂದು ಬದುಕಿದವರಿಗೂ ಲಸಿಕೆ ಬೇಕು. ಕೊಲ್ಲಲು ಸಾಕಾಗುವ ವಿಷದ ಪ್ರಮಾಣ ಎಷ್ಟು ಕಡಿಮೆ ಅಂದರೆ, ದೇಹ ಅದನ್ನು ಗುರುತಿಟ್ಟುಕೊಳ್ಳುವುದೇ ಇಲ್ಲ.

ಪ್ರಶ್ನೆ: ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಇಡೀ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತಂತೆ. ನಮ್ಮಜ್ಜಿ ಹೇಳುತ್ತಿದ್ದರು. ಇದು ಮೂಢನಂಬಿಕೆಯೋ, ವಿಜ್ಞಾನವೋ?
(ನಿವೃತ್ತ ಗುಮಾಸ್ತರು, ಹುಬ್ಬಳ್ಳಿ)

ಉತ್ತರ: ಅಪ್ಪಟ ವಿಜ್ಞಾನ. ಅದೂ ವಿಜ್ಞಾನಿಗಳಿಗೇ ಪೂರ್ತಿ ಒಪ್ಪಿಗೆ ಆಗುವ ಮೊದಲು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಕಂಡದ್ದು 1894ರಲ್ಲಿ. ಅದು ಇಲಿಯಿಂದ ಮನುಷ್ಯರಿಗೆ ಚಿಗಟದ ಮೂಲಕ ದಾಟುತ್ತದೆ ಎಂದು ಪಾಲ್-ಲೂಯಿ ಸಿಮಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಆಗಲೂ ಬಹಳ ಜನ ನಂಬಲಿಲ್ಲ. ಬೆಂಗಳೂರಿಗೆ ಪ್ಲೇಗ್ ನುಗ್ಗಿದ್ದೂ 1898ರಲ್ಲೇ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದದ್ದು ಆ ಪೆಟ್ಟಿನ ನಂತರ.

ಇಲಿ ಸತ್ತರೆ ಮೈ ತಣ್ಣಗಾಗುತ್ತದೆ. ತಣ್ಣನೆ ಮೈಯಲ್ಲಿ ಚಿಗಟ ಇರೋಲ್ಲ, ಬಿಸಿ ಮೈ ಹುಡುಕಿಕೊಂಡು ಹೊರಡುತ್ತದೆ. ಹತ್ತಿರದ ಬಿಸಿ ಮೈ ಮನೆಯವರದು. ಅದರ ಜೊತೆ ಇನ್ನೊಂದು ಭಯಂಕರ ಸಂಗತಿ. ಬ್ಯಾಕ್ಟೀರಿಯಾ ಚಿಗಟದ ಗಂಟಲ ಕೆಳಗೆ ಗಡ್ಡೆಕಟ್ಟಿ ದಾರಿ ಮುಚ್ಚಿಬಿಡುತ್ತದೆ. ಕುಡಿದ ರಕ್ತ ಹೊಟ್ಟೆಗೆ ಇಳಿಯೋಲ್ಲ. ಹಸಿವು ತಾಳಲಾರದೆ ಅದು ಮತ್ತೆ ಮತ್ತೆ ಕಚ್ಚುತ್ತದೆ, ಪ್ರತಿ ಸಲವೂ ಬ್ಯಾಕ್ಟೀರಿಯಾ ಬೆರೆತ ರಕ್ತವನ್ನು ಗಾಯದೊಳಗೆ ವಾಪಸ್ ಕಕ್ಕುತ್ತದೆ. ಹೊಲಕ್ಕೆ ಹೋದವರು ಇಲಿಗಳನ್ನೂ ಚಿಗಟಗಳನ್ನೂ ಹಿಂದೆ ಬಿಟ್ಟು ಹೋದರು. ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದಿತು, ಹಸಿದ ಚಿಗಟಗಳು ಸತ್ತವು.

ಇದೇ ಪ್ಲೇಗಿಗೆ ಲಸಿಕೆ ಮಾಡಿದ ಹಾಫ್‌ಕಿನ್ ಮುಂಬಯಿಯಲ್ಲಿ 1897ರ ಜನವರಿ 10ರಂದು ಮೊದಲ ಚುಚ್ಚುಮದ್ದನ್ನು ತನಗೇ ಹಾಕಿಕೊಂಡ. ಅವನ ಲ್ಯಾಬ್‌ನ ಒಂದು ವಿವರ ನನಗೆ ಬಹಳ ಇಷ್ಟ. ಬ್ಯಾಕ್ಟೀರಿಯಾ ಬೆಳೆಸುವ ಸಾರಿನ ಮೇಲೆ ಅವನು ತುಪ್ಪದ ಹನಿ ತೇಲಿಬಿಡುತ್ತಿದ್ದ. ಆ ಹನಿಗಳಿಗೆ ಅಂಟಿಕೊಂಡ ಪ್ಲೇಗಿನ ಬ್ಯಾಕ್ಟೀರಿಯಾ ಬಿಳಲು ಇಳಿದಂತೆ ಕೆಳಕ್ಕೆ ಬೆಳೆಯುತ್ತಿತ್ತು. ಸೀಸೆ ಅಲುಗಿಸಿದರೆ ಉದುರಿ, ಮತ್ತೆ ಹೊಸದು ಇಳಿಯುತ್ತಿತ್ತು. ಹಾಗೆ ಬೆಳೆದದ್ದನ್ನು ಕಾಯಿಸಿ ಕೊಂದು ಲಸಿಕೆ ಮಾಡುತ್ತಿದ್ದರು.

ಪ್ರಶ್ನೆ: ಮಂಗನ ಕಾಯಿಲೆಗೆ ಆ್ಯಂಟಿಬಯಾಟಿಕ್ ಕೆಲಸ ಮಾಡಲ್ಲ ಅಂತೀರಿ. ಆದರೆ ನಮ್ಮೂರಲ್ಲಿ ಜ್ವರ ಅಂತ ಹೋದರೆ ಡಾಕ್ಟರ್ ಡಾಕ್ಸಿಸೈಕ್ಲಿನ್ ಕೊಟ್ಟರಲ್ಲ?
(ಅಡಿಕೆ ಬೆಳೆಗಾರರು, ಸಾಗರ)

ಉತ್ತರ: ಡಾಕ್ಟರ್ ಸರಿಯಾಗೇ ಯೋಚಿಸಿದ್ದಾರೆ. 1957ರಲ್ಲಿ ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ ಮಂಗನ ಕಾಯಿಲೆಗೆ ಕಾರಣ ವೈರಸ್. ಅದಕ್ಕೆ ಗೋಡೆಯಿಲ್ಲ, ಪ್ರೋಟೀನ್ ಮಾಡುವ ಸ್ವಂತ ರೈಬೋಸೋಮ್ ಇಲ್ಲ, ಸ್ವಂತ ಊಟವೂ ಇಲ್ಲ. ಆ್ಯಂಟಿಬಯಾಟಿಕ್ ಹೊಡೆಯುವುದು ಇಂಥ ಭಾಗಗಳನ್ನೇ, ಇಲ್ಲದ್ದನ್ನು ಹೇಗೆ ಹೊಡೆಯುತ್ತದೆ? ಆದರೆ ಮಲೆನಾಡಿನಲ್ಲಿ ಇಲಿಜ್ವರ, ಸ್ಕ್ರಬ್ ಟೈಫಸ್ ಕೂಡ ಇವೆ, ಎರಡೂ ಬ್ಯಾಕ್ಟೀರಿಯಾದವು. ಮೊದಲ ದಿನಗಳಲ್ಲಿ ಮೂರೂ ಒಂದೇ ಥರ: ಜ್ವರ, ತಲೆನೋವು, ಮೈಕೈ ನೋವು. ಇಲಿಜ್ವರದ್ದು ಗ್ರಾಮ್ ಸ್ಟೇನ್‌ನಲ್ಲಿ ಕಾಣದಷ್ಟು ಸಪೂರ. ಸ್ಕ್ರಬ್ ಟೈಫಸ್‌ನದು ಜೀವಕೋಶದ ಒಳಗೇ ಬದುಕುತ್ತದೆ, ಅಗರ್ ಮೇಲೆ ಎಷ್ಟು ದಿನ ಕಾದರೂ ಬೆಳೆಯೋಲ್ಲ. ಎರಡಕ್ಕೂ ಡಾಕ್ಸಿಸೈಕ್ಲಿನ್ ಆಗುತ್ತದೆ. ಕಾಯುವುದೇ ಅಪಾಯವಾದ ಜಾಗ ಇದು.

ಪ್ರಶ್ನೆ: ಮಕ್ಕಳಿಗೆ ಬ್ಯಾಕ್ಟೀರಿಯಾ ಬೆಳೆಸಿ ತೋರಿಸಬೇಕು ಎಂದು ಆಸೆ. ನಮ್ಮ ಹೈಸ್ಕೂಲಿನಲ್ಲಿ ಆಟೋಕ್ಲೇವ್ ಇಲ್ಲ, ಅಗರ್ ತರಿಸಲು ದುಡ್ಡೂ ಇಲ್ಲ.
(ವಿಜ್ಞಾನ ಶಿಕ್ಷಕರು, ಶಿರಸಿ)

ಉತ್ತರ: ಆಟೋಕ್ಲೇವ್ ಮಾಡುವ ಕೆಲಸ ಏನು? ಒತ್ತಡದ ಆವಿಯಲ್ಲಿ ಬ್ಯಾಕ್ಟೀರಿಯಾವನ್ನೂ ಬೀಜಕಣವನ್ನೂ ಕೊಲ್ಲುವುದು. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ. ಪ್ರೆಷರ್ ಕುಕ್ಕರ್ ಅದರ ಹತ್ತಿರ ಹತ್ತಿರ ಹೋಗುತ್ತದೆ. ವಿಸಲ್ ಕೂಗಿದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಬಿಡಿ. ಬರೀ ಕುದಿಸಿದರೆ ಸಾಲದು, ಬೀಜಕಣಗಳು ಉಳಿದುಬಿಡುತ್ತವೆ.

ಅಗರ್ ಎಂದರೆ ಬೇಕರಿ ಸಾಮಾನಿನ ಅಂಗಡಿಯ ಚೈನಾ ಗ್ರಾಸ್ ಗುರುಗಳೇ. ಲ್ಯಾಬ್‌ಗೆ ಬಂದದ್ದೂ ಅಡುಗೆಮನೆಯಿಂದಲೇ. ರಾಬರ್ಟ್ ಕಾಕ್ ಮೊದಲು ಬೇಯಿಸಿದ ಆಲೂಗೆಡ್ಡೆ ಹೋಳಿನ ಮೇಲೆ ಬೆಳೆಸುತ್ತಿದ್ದ, ಆಮೇಲೆ ಜೆಲಾಟಿನ್ ಮೇಲೆ. ಜೆಲಾಟಿನ್ ಸೆಕೆಗೆ ಕರಗುತ್ತದೆ, ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ನೀರು ಮಾಡುತ್ತವೆ. ಅವನ ಲ್ಯಾಬ್‌ನಲ್ಲಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ, ತಾನು ಜೆಲ್ಲಿಗೆ ಹಾಕುವ ಅಗರ್ ಬಳಸಿ ನೋಡಿ ಅಂದಳು. ಜಾವಾದಲ್ಲಿದ್ದು ಬಂದವರಿಂದ ಅವಳು ಕಲಿತದ್ದು ಅದು. 1882ರ ಕ್ಷಯದ ಲೇಖನದಲ್ಲಿ ಕಾಕ್ ಅಗರ್ ಬಗ್ಗೆ ಹೇಳುತ್ತಾನೆ, ಅವಳ ಹೆಸರು ಹೇಳುವುದಿಲ್ಲ. ಮಕ್ಕಳಿಗೆ ನೀವು ಹೇಳಿ.

ಒಂದು ಲೀಟರ್ ಆಲೂಗೆಡ್ಡೆ ಬೇಯಿಸಿದ ನೀರಿಗೆ 15–20 ಗ್ರಾಂ ಚೈನಾ ಗ್ರಾಸ್, ಒಂದು ಚಮಚ ಸಕ್ಕರೆ. ಕುಕ್ಕರಿನಲ್ಲಿ ಇಟ್ಟು ತೆಗೆದು, ಬಾಟಲಿ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಪ್ಲಾಸ್ಟಿಕ್ ಪೆಟ್ರಿ ತಟ್ಟೆಗೆ ಸುರಿಯಿರಿ. ಮುಚ್ಚಳ ಒಂದಿಷ್ಟೇ ಎತ್ತಿ, ಪೂರ್ತಿ ತೆಗೆಯಬೇಡಿ. ಒಂದು ತಟ್ಟೆಗೆ ತೊಳೆಯದ ಬೆರಳು, ಒಂದಕ್ಕೆ ಸೋಪಿನಲ್ಲಿ ತೊಳೆದ ಬೆರಳು, ಒಂದನ್ನು ಏನೂ ಮುಟ್ಟಿಸದೆ ಇಡಿ. ಆ ಮೂರನೆಯದು ಬಹಳ ಮುಖ್ಯ. ಅದರಲ್ಲೂ ಏನಾದರೂ ಬೆಳೆದರೆ ನಿಮ್ಮ ಕುಕ್ಕರ್ ಕೆಲಸ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಮೂಗು, ಗಾಯ, ಶೌಚಾಲಯದ ಸ್ಯಾಂಪಲ್ ಬೇಡವೇ ಬೇಡ. ತಟ್ಟೆಯ ಸುತ್ತ ಟೇಪ್ ಹಾಕಿ, ತರಗತಿಯ ಸೆಕೆಯಲ್ಲೇ ಎರಡು ಮೂರು ದಿನ ಬಿಡಿ, 37 ಡಿಗ್ರಿಗೆ ಕಾಯಿಸಬೇಡಿ. ಆ ಶಾಖ ನಮ್ಮ ಮೈಯಲ್ಲಿ ಕಾಯಿಲೆ ತರುವಂಥವಕ್ಕೇ ಇಷ್ಟ. ನೋಡುವುದು ಮುಚ್ಚಳದ ಮೇಲಿಂದ ಮಾತ್ರ, ಟೇಪ್ ಬಿಚ್ಚುವ ಹಾಗಿಲ್ಲ.

ಮುಗಿದ ಮೇಲೆ ಟೇಪ್ ಸಮೇತ ಕುಕ್ಕರಿಗೆ ಹಾಕಿ ಅರ್ಧ ಗಂಟೆ ಬೇಯಿಸಿ ಎಸೆಯಿರಿ. ಈ ಕೆಲಸಕ್ಕೆ ಹಳೆಯದೊಂದು ಕುಕ್ಕರ್ ಬೇರೆಯೇ ಇಟ್ಟುಕೊಳ್ಳಿ. ಮೇಲೆ ಪೇಂಟಿನಲ್ಲಿ ದೊಡ್ಡದಾಗಿ ‘ಲ್ಯಾಬ್’ ಎಂದು ಬರೆಸಿ, ಇಲ್ಲದಿದ್ದರೆ ಬಿಸಿಯೂಟದವರು ತಗೊಂಡು ಹೋಗಿ ಬೇಳೆ ಬೇಯಿಸಿಬಿಡುತ್ತಾರೆ.